ನಾಯಿಯ ಆಟ, ಸಾಕಿದವರ ಹೊಣೆ

ನಾಯಿಯಿಂದ ಗಾಯಗೊಂಡವರು ಚಿಕಿತ್ಸಾಲಯಕ್ಕೆ ಬಂದಾಗ ಅವರ ಬೆನ್ನಿಗೇ ನಾಯಿಯನ್ನು ಸಾಕಿದವರೂ ಬರುವುದುಂಟು. ಹಾಗೆ ಬಂದವರ ಬಾಯಿಂದ ಮೊದಲು ಹೊರಡುವ ಮಾತು ಬಹುತೇಕ ಒಂದೇ ಆಗಿರುತ್ತದೆ: “ನಮ್ಮದು ಕಚ್ಚೋ ನಾಯಿ ಅಲ್ರೀ ಡಾಕ್ಟ್ರ, ಆಟ ಆಡಾಕ ಹೋಗಿತ್ತು, ಅಷ್ಟ.” ಈ ಮಾತು ಬಹಳ ಸಲ ನಿಜವೇ. ನಾಯಿಗೆ ದ್ವೇಷವಿರಲಿಲ್ಲ, ಸಾಕಿದವರಿಗೂ ಕೆಟ್ಟ ಉದ್ದೇಶವಿರಲಿಲ್ಲ. ಆದರೆ ಮುರಿದ ಎಲುಬಿಗೆ, ತರಚಿದ ಚರ್ಮಕ್ಕೆ ಆಟ ಯಾವುದು, ಸಿಟ್ಟು ಯಾವುದು ಎಂಬ ಭೇದ ತಿಳಿಯದು. ನಾಯಿಯ ಸ್ವಭಾವವನ್ನು ತೂಗುವಾಗ ಅದರ ಉದ್ದೇಶವನ್ನು ನೋಡೋಣ. ಗಾಯಗೊಂಡವರಿಗೆ ಏನು ಮಾಡಬೇಕೆಂಬುದನ್ನು ನಿರ್ಧರಿಸುವಾಗ ಗಾಯವನ್ನು ಮಾತ್ರ ನೋಡಬೇಕು. ಇವೆರಡನ್ನೂ ಕಲಸಿಬಿಡುವುದರಿಂದ ಎಷ್ಟು ಅನರ್ಥವಾಗುತ್ತದೆಂಬುದನ್ನು ನಾಲ್ಕು ದಶಕಗಳ ವೃತ್ತಿಯಲ್ಲಿ ಕಂಡಿದ್ದೇನೆ. ಆದುದರಿಂದ ಈ ತಿಂಗಳು ಅದೇ ವಿಷಯ.

ಹಳ್ಳಿಯ ನಾಯಿ ಹಿಂದೆ ಅಂಗಳದಲ್ಲಿ, ಹೊಲದಲ್ಲಿ, ಕಣದಲ್ಲಿ ಇರುತ್ತಿತ್ತು. ಈಗ ತಾಲ್ಲೂಕು ಕೇಂದ್ರಗಳ ಬಡಾವಣೆಗಳಲ್ಲಿ ಮೂವತ್ತು ಅಡಿ ಅಗಲದ ನಿವೇಶನದ ಮನೆಗಳಲ್ಲಿಯೂ ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ಗಳು ಬೆಳೆಯುತ್ತಿವೆ. ಬೆಳೆದ ಲ್ಯಾಬ್ರಡಾರ್ ಸುಮಾರು 25ರಿಂದ 35 ಕಿಲೋ ತೂಗುತ್ತದೆ. ಅದು ಓಡಿಬಂದು ಎರಡು ಮುಂಗಾಲುಗಳನ್ನು ಎದೆಯ ಮೇಲಿಟ್ಟರೆ, ಅರ್ಧ ಚೀಲ ಸಿಮೆಂಟನ್ನು ಮೈಮೇಲೆ ಎಸೆದಂತೆಯೇ ಸರಿ. ಪ್ರಾಯದವರು ಒಂದು ಹೆಜ್ಜೆ ಹಿಂದಿಟ್ಟು ಸಾವರಿಸಿಕೊಳ್ಳುತ್ತಾರೆ. ಎಪ್ಪತ್ತರ ಹಿರಿಯರಿಗೆ ಆ ಹೆಜ್ಜೆ ಸಿಗುವುದಿಲ್ಲ.

ನನ್ನ ಬಳಿಗೆ ಬಂದ ಒಂದು ಪ್ರಕರಣವನ್ನು ಹೇಳುತ್ತೇನೆ. 72 ವರ್ಷದ ತಾಯಿಯೊಬ್ಬರು ಶ್ರಾವಣ ಸೋಮವಾರ ಪಕ್ಕದ ಮನೆಗೆ ಹೋಳಿಗೆ ಕೊಡಲು ಹೋದರು. ಗೇಟು ತೆರೆದೊಡನೆ ಒಂದೂವರೆ ವರ್ಷದ ನಾಯಿ ಬಾಲವಾಡಿಸುತ್ತ ಹಾರಿತು. ಅವರು ಪಕ್ಕಕ್ಕೆ ಬಿದ್ದರು. ರಕ್ತ ಬರಲಿಲ್ಲ, ಗಾಯ ಕಾಣಲಿಲ್ಲ. “ಸೊಂಟ ಉಳುಕಿರಬೇಕು” ಎಂದು ಎರಡು ಮನೆಯವರೂ ಸೇರಿ ನಿರ್ಧರಿಸಿ ಎರಡು ದಿನ ಎಣ್ಣೆ ತಿಕ್ಕಿ ಶಾಖ ಕೊಟ್ಟರು. ಮೂರನೆಯ ದಿನ ನನ್ನನ್ನು ಮನೆಗೆ ಕರೆದದ್ದು ಒಳ್ಳೆಯ ನೋವಿನೆಣ್ಣೆ ಬರೆಸಿಕೊಳ್ಳುವುದಕ್ಕಾಗಿ. ಹೊದಿಕೆ ಸರಿಸಿದೊಡನೆ ಕಂಡದ್ದು: ಬಲಗಾಲು ಎಡಗಾಲಿಗಿಂತ ಗಿಡ್ಡವಾಗಿದೆ, ಪಾದ ಹೊರಕ್ಕೆ ಹೊರಳಿದೆ. ತೊಡೆಯೆಲುಬಿನ ಕತ್ತು ಮುರಿದಿರುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಲಕ್ಷಣ ಬೇಕಿಲ್ಲ. ಎಣ್ಣೆಯ ಚೀಟಿ ಬರೆಯಲಿಲ್ಲ; ಆಂಬುಲೆನ್ಸ್ ತರಿಸಿ ಮೂಳೆ ತಜ್ಞರಲ್ಲಿಗೆ ಕಳುಹಿಸಿದೆ.

ಸುಶ್ರುತ ಸಂಹಿತೆಯ ನಿದಾನಸ್ಥಾನದಲ್ಲಿ ಭಗ್ನಗಳಿಗೆಂದೇ ಒಂದು ಅಧ್ಯಾಯವಿದೆ. ಕೀಲು ತಪ್ಪುವುದರಲ್ಲಿ 6 ಬಗೆ, ಎಲುಬು ಮುರಿಯುವುದರಲ್ಲಿ 12 ಬಗೆ ಎಂದು ಆಚಾರ್ಯರು ವಿಂಗಡಿಸಿದ್ದಾರೆ. ಕಾರಣಗಳನ್ನು ಹೇಳುವಾಗ ಮೊದಲಿಗೇ ಬರುವುದು ಬೀಳುವಿಕೆ. ಯಾವ ಭಗ್ನ ಕಷ್ಟಸಾಧ್ಯ ಎಂಬಲ್ಲಿ ಕೃಶರು, ವೃದ್ಧರು, ಬಾಲಕರು ಇವರ ಭಗ್ನಗಳನ್ನೂ ಕೀಲಿಗೆ ತಾಗಿದ ಭಗ್ನವನ್ನೂ ಸೇರಿಸಿದ್ದಾರೆ. ವೃದ್ಧರ ತೊಡೆಯೆಲುಬಿನ ಕತ್ತಿನ ಮುರಿತದಲ್ಲಿ ಈ ಎರಡು ಕಷ್ಟಗಳೂ ಕೂಡಿಬರುತ್ತವೆ. ಹಾಸಿಗೆಯಲ್ಲೇ ಉಳಿದರೆ ಶ್ವಾಸಕೋಶದಲ್ಲಿ ಕಫ ಕಟ್ಟಿ ನ್ಯುಮೋನಿಯಾ ಆಗಬಹುದು, ಬೆನ್ನಿನಲ್ಲಿ ಹಾಸಿಗೆ ಹುಣ್ಣು ಏಳಬಹುದು, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಏರಬಹುದು. ಅದಕ್ಕಾಗಿಯೇ ಇಂದಿನ ತಜ್ಞರು ಸಾಧ್ಯವಾದಷ್ಟು ಬೇಗ ಶಸ್ತ್ರಚಿಕಿತ್ಸೆ ಮಾಡಿ ರೋಗಿಯನ್ನು ಎಬ್ಬಿಸಿ ಕೂರಿಸುತ್ತಾರೆ. ಬಲ್ಯವಾದ ಆಹಾರ, ಅಭ್ಯಂಗ ಮೊದಲಾದ ನಮ್ಮ ಶಾಸ್ತ್ರದ ಕೆಲಸವೆಲ್ಲ ಅಲ್ಲಿಂದ ಮುಂದಿನದು. ಮುರಿದಿದೆಯೋ ಇಲ್ಲವೋ ತಿಳಿಯುವ ಮುನ್ನವೇ ತಿಕ್ಕುವುದು ಆಯುರ್ವೇದವಲ್ಲ.

ಆದ್ದರಿಂದ ಹಿರಿಯರು ಬಿದ್ದು, ತೊಡೆಸಂದಿಯಲ್ಲಿ ನೋವೆಂದು, ಎದ್ದು ನಿಲ್ಲಲಾರದೆ ಹೋದರೆ ಅವರನ್ನು ಕಂಕುಳಿಗೆ ಕೈಕೊಟ್ಟು ಎಬ್ಬಿಸಬಾರದು, ಕಾಲನ್ನು ಎಳೆಯಬಾರದು, ನಡೆಸಿ ನೋಡಬಾರದು. ಎರಡು ಕಾಲುಗಳ ನಡುವೆ ಮಡಚಿದ ಕಂಬಳಿಯನ್ನಿಟ್ಟು, ಹಲಗೆಯ ಮೇಲೆ ಮಲಗಿಸಿಕೊಂಡೇ ಎಕ್ಸ್‌ರೇ ಇರುವ ಆಸ್ಪತ್ರೆಗೆ ಒಯ್ಯಬೇಕು. ಶಸ್ತ್ರಚಿಕಿತ್ಸೆ ಬೇಕಾಗಬಹುದಾದ್ದರಿಂದ ವೈದ್ಯರು ನೋಡುವವರೆಗೆ ಊಟ ಕೊಡದಿರುವುದು ಒಳಿತು. ಕೈಯೂರಿ ಬಿದ್ದವರ ಮಣಿಕಟ್ಟು ಮುರಿಯುವುದೂ ಬಹಳ ಸಾಮಾನ್ಯ. ತಲೆಗೆ ಪೆಟ್ಟಾಗಿದ್ದು, ಆ ಹಿರಿಯರು ಹೃದಯದ ಕಾಯಿಲೆಗೆಂದು ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ, ಮೇಲ್ನೋಟಕ್ಕೆ ಚೆನ್ನಾಗಿಯೇ ಇದ್ದರೂ ಅದೇ ದಿನ ಆಸ್ಪತ್ರೆಯಲ್ಲಿ ತೋರಿಸಬೇಕು. ತಲೆಯೊಳಗಿನ ರಕ್ತಸ್ರಾವ ನಿಧಾನವಾಗಿ ಕೂಡಿಕೊಂಡು ಕೆಲವು ವಾರಗಳ ಬಳಿಕ ಮಂಪರು, ತೊದಲು, ಮರೆವುಗಳಾಗಿ ಕಾಣಿಸಿಕೊಳ್ಳುವುದುಂಟು. ಆಗ ನಾಯಿ ಬೀಳಿಸಿದ್ದನ್ನು ಮನೆಯವರು ಮರೆತೇ ಬಿಟ್ಟಿರುತ್ತಾರೆ.

ಮೇಲಿನ ಪ್ರಕರಣದಲ್ಲಿ ಶಸ್ತ್ರಚಿಕಿತ್ಸೆಯಾದ ಮೇಲೆ ನೆರೆಯವರು ಒಮ್ಮೆ ಹಣ್ಣು ತಂದು ಮಾತನಾಡಿಸಿ ಹೋದರು. ಖರ್ಚಿನ ಮಾತು ಬಂದಾಗ, “ಅವರಿಗೆ ವಯಸ್ಸಾಗಿತ್ತು, ಎಲುಬು ಮೊದಲೇ ಸವೆದಿತ್ತು, ಇವತ್ತಲ್ಲ ನಾಳೆ ಬೀಳುವವರೇ” ಎಂದರಂತೆ. ವೈದ್ಯಕೀಯವಾಗಿ ಮೊದಲ ಎರಡು ಮಾತುಗಳು ಸರಿ. ಮುಟ್ಟು ನಿಂತ ಮೇಲೆ ಹೆಣ್ಣುಮಕ್ಕಳ ಎಲುಬಿನ ಸಾಂದ್ರತೆ ವೇಗವಾಗಿ ಇಳಿಯುತ್ತದೆ. ಆದರೆ ಅದರಿಂದ ಹೊಣೆ ಕಡಿಮೆಯಾಗುವುದು ಹೇಗೆ? ನಮ್ಮ ಹೊಸ್ತಿಲಿಗೆ ಬರುವವರು ತಮಗೆ ಇರುವ ದೇಹವನ್ನೇ ಹೊತ್ತು ಬರುತ್ತಾರೆ. ಸವೆದ ಎಲುಬಿನವರು, ಬಸುರಿಯರು, ಕಣ್ಣು ಮಂಜಾದವರು, ನಾಯಿಯೆಂದರೆ ನಡುಗುವ ಮಕ್ಕಳು, ಎಲ್ಲರೂ ಬರುತ್ತಾರೆ. ಗಟ್ಟಿಮುಟ್ಟಾದವರು ಮಾತ್ರ ಬರುತ್ತಾರೆಂದು ಎಣಿಸಿ ನಾಯಿಯನ್ನು ಬಿಟ್ಟಿರುವುದೇ ಅಲಕ್ಷ್ಯ. ಎರಡು ಮನೆಗಳ ನಡುವಿನ ಹೋಳಿಗೆಯ ಬಳಕೆ ಅಂದಿಗೆ ನಿಂತದ್ದು ಇಂದಿಗೂ ಶುರುವಾಗಿಲ್ಲ.

ಈಗ ಗಾಯದ ವಿಷಯಕ್ಕೆ ಬರೋಣ. ಇಲ್ಲಿ ‘ಆಟ’ ಎಂಬ ಮಾತು ಪ್ರಾಣಕ್ಕೇ ಎರವಾಗಬಲ್ಲದು. ಆಟದ ಭರದಲ್ಲಿ ನಾಯಿಯ ಹಲ್ಲು ತಾಗಿ ತೊಗಲು ತರಚುತ್ತದೆ. ರಕ್ತ ಒಂದು ಹನಿಯೂ ಬಂದಿರುವುದಿಲ್ಲ. “ಇದು ಕಚ್ಚಿದ್ದಲ್ಲ” ಎಂದು ಒಡೆಯರು ಹೇಳುತ್ತಾರೆ, ಗಾಯಗೊಂಡವರೂ ದಾಕ್ಷಿಣ್ಯದಿಂದ ಒಪ್ಪುತ್ತಾರೆ. ರೇಬೀಸ್ ರೋಗದ ವೈರಾಣು ನಾಯಿಯ ಜೊಲ್ಲಿನಲ್ಲಿರುತ್ತದೆ. ಜೊಲ್ಲು ತಾಗಿದ ಹಲ್ಲಿನಿಂದಲೋ ಉಗುರಿನಿಂದಲೋ ಚರ್ಮ ತರಚಿದರೆ ಅದಕ್ಕೆ ಒಳದಾರಿ ಸಿಕ್ಕಂತೆಯೇ. ರಕ್ತ ಬಾರದ ಸಣ್ಣ ತರಚನ್ನು ವೈದ್ಯರು ಎರಡನೆಯ ವರ್ಗಕ್ಕೆ ಸೇರಿಸಿ ಲಸಿಕೆ ಕೊಡುತ್ತಾರೆ. ರಕ್ತ ಬಂದ ಕಡಿತ ಅಥವಾ ಪರಚು, ಮೊದಲೇ ಇದ್ದ ಗಾಯವನ್ನು ನಾಯಿ ನೆಕ್ಕಿದ್ದು, ಕಣ್ಣು ಬಾಯಿಗಳಿಗೆ ಜೊಲ್ಲು ತಾಗಿದ್ದು, ಇವು ಮೂರನೆಯ ವರ್ಗ. ಇದಕ್ಕೆ ಲಸಿಕೆಯೊಂದಿಗೆ ಗಾಯದೊಳಗೆ ಹಾಗೂ ಸುತ್ತ ಇಮ್ಯುನೊಗ್ಲಾಬ್ಯುಲಿನ್ ಎಂಬ ಸಿದ್ಧ ಪ್ರತಿರಕ್ಷೆಯ ಚುಚ್ಚುಮದ್ದೂ ಬೇಕು. ಗಾಯವಿಲ್ಲದ ಚರ್ಮವನ್ನು ನೆಕ್ಕಿದರೆ ಮಾತ್ರ ತೊಳೆದುಕೊಂಡರೆ ಸಾಕು. ಈ ವಿಂಗಡಣೆಯಲ್ಲಿ ಎಲ್ಲಿಯೂ ‘ಆಟದ ಗಾಯ’ ಎಂಬ ಬೇರೆ ವರ್ಗವಿಲ್ಲ ಎಂಬುದನ್ನು ಗಮನಿಸಬೇಕು.

ಎಲ್ಲಕ್ಕಿಂತ ಮೊದಲ ಚಿಕಿತ್ಸೆ ನಲ್ಲಿಯ ನೀರು ಮತ್ತು ಸಾಬೂನು. ಹರಿಯುವ ನೀರಿನಲ್ಲಿ ಪೂರ್ತಿ 15 ನಿಮಿಷ ತೊಳೆಯಬೇಕು. ಹದಿನೈದು ನಿಮಿಷ ಎಷ್ಟು ದೀರ್ಘವೆಂಬುದು ಗಡಿಯಾರ ನೋಡಿದಾಗಲೇ ತಿಳಿಯುತ್ತದೆ; ಹೆಚ್ಚಿನವರು ಎರಡು ನಿಮಿಷಕ್ಕೆ ಮುಗಿಸುತ್ತಾರೆ. ಬಳಿಕ ಪೊವಿಡೋನ್ ಅಯೋಡಿನ್ ಹಚ್ಚಬಹುದು. ಸುಣ್ಣ, ಖಾರದ ಪುಡಿ, ಕಾಫಿ ಪುಡಿ, ಗಿಡದ ರಸ ಯಾವುದೂ ಬೇಡ. ಬಟ್ಟೆ ಬಿಗಿದು ಕಟ್ಟುವುದೂ ಬೇಡ.

ಆಯುರ್ವೇದ ವೈದ್ಯನೆಂಬ ಕಾರಣಕ್ಕೆ ನನ್ನಲ್ಲಿ ‘ನಾಯಿ ವಿಷದ ಔಷಧಿ’ ಕೇಳಿಕೊಂಡು ಬರುವವರಿದ್ದಾರೆ. ಅವರಿಗೆ ಹೇಳುವುದನ್ನೇ ಇಲ್ಲಿಯೂ ಹೇಳುತ್ತೇನೆ. ಸುಶ್ರುತ ಸಂಹಿತೆಯ ಕಲ್ಪಸ್ಥಾನದಲ್ಲಿ ಹುಚ್ಚು ಹಿಡಿದ ನಾಯಿ ನರಿಗಳ ವರ್ಣನೆಯಿದೆ: ಬಾಲ, ದವಡೆ, ಹೆಗಲುಗಳು ಜೋತುಬಿದ್ದು, ಜೊಲ್ಲು ಸುರಿಸುತ್ತ ಓಡಾಡುತ್ತದೆ ಎಂದು. ಕಡಿಸಿಕೊಂಡವನು ನೀರನ್ನು ಕಂಡು ಅಥವಾ ನೀರಿನ ಸದ್ದು ಕೇಳಿ ಬೆದರತೊಡಗಿದರೆ ಅದನ್ನು ಜಲತ್ರಾಸವೆಂದು ಕರೆದು, ಅರಿಷ್ಟವೆಂದು, ಅಂದರೆ ಮರಣದ ಲಕ್ಷಣವೆಂದು, ಆಚಾರ್ಯರೇ ಸ್ಪಷ್ಟವಾಗಿ ಹೇಳಿಬಿಟ್ಟಿದ್ದಾರೆ. ಅಷ್ಟು ಸೂಕ್ಷ್ಮವಾಗಿ ನೋಡಿ, ಅಷ್ಟು ಪ್ರಾಮಾಣಿಕವಾಗಿ ಬರೆದವರ ಪರಂಪರೆಗೆ ಸೇರಿದವನು ಸೊಪ್ಪಿನ ರಸ ಕೊಟ್ಟು ಧೈರ್ಯ ಹೇಳಿ ಕಳುಹಿಸುವುದು ಸರಿಯಲ್ಲ. ಲಕ್ಷಣ ತೋರಿದ ರೇಬೀಸಿಗೆ ಅಂದೂ ಮದ್ದಿರಲಿಲ್ಲ. ಇಂದೂ ಪ್ರಾಣ ಉಳಿಸುವ ಭರವಸೆಯ ಮದ್ದಿಲ್ಲ. ಲಕ್ಷಣ ತೋರುವ ಮೊದಲೇ ಅದನ್ನು ತಡೆಯುವ ದಾರಿ ತೆರೆದದ್ದು 1885ರ ಜುಲೈನಲ್ಲಿ, ಲೂಯಿ ಪಾಶ್ಚರ್ ಜೋಸೆಫ್ ಮೀಸ್ಟರ್ ಎಂಬ ಒಂಬತ್ತು ವರ್ಷದ ಬಾಲಕನಿಗೆ ಲಸಿಕೆ ಕೊಡಿಸಿದಾಗ. ನಮ್ಮ ನೆರೆಯ ನೀಲಗಿರಿಯ ಕೂನೂರಿನಲ್ಲಿ 1907ರಲ್ಲಿಯೇ ಪಾಶ್ಚರ್ ಸಂಸ್ಥೆ ಆರಂಭವಾಯಿತು.

ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಎಂಬ ಭಯ ಇನ್ನೂ ಅನೇಕರಲ್ಲಿ ಉಳಿದಿದೆ. ಅದು ಕುರಿಯ ಮಿದುಳಿನಿಂದ ತಯಾರಿಸುತ್ತಿದ್ದ ಹಳೆಯ ಲಸಿಕೆಯ ಕಾಲದ ಮಾತು. ಭಾರತದಲ್ಲಿ ಅದು ನಿಂತು ಎರಡು ದಶಕಗಳಾದವು. ಈಗಿನದನ್ನು ದೊಡ್ಡವರಿಗೆ ತೋಳಿನ ಮೇಲ್ಭಾಗಕ್ಕೆ ಕೊಡುತ್ತಾರೆ. ಚರ್ಮದೊಳಗೆ ಕೊಡುವ ಕ್ರಮದಲ್ಲಿ 0, 3, 7 ಮತ್ತು 28ನೆಯ ದಿನ. ಸ್ನಾಯುವಿಗೆ ಕೊಡುವ ಕ್ರಮದಲ್ಲಿ 14ನೆಯ ದಿನವೂ ಒಂದು. ಮೊದಲ ಸೂಜಿ ಹಾಕಿಸಿದ ದಿನವೇ ಸೊನ್ನೆಯ ದಿನ. ಬಸುರಿಯರಿಗೂ ಹಾಲೂಡಿಸುವ ತಾಯಂದಿರಿಗೂ ಕೊಡಬಹುದು. ಬದನೆಕಾಯಿ, ಮೊಸರು ಬಿಡಬೇಕೆ ಎಂದು ಕೇಳುವವರಿಗೆ ಉತ್ತರ: ಈ ಲಸಿಕೆಗೆ ಯಾವ ಪಥ್ಯವೂ ಇಲ್ಲ.

ಸಾಕಿದವರ ಹೊಣೆಯಲ್ಲಿ ಎಲ್ಲಕ್ಕಿಂತ ಭಾರವಾದ ಭಾಗ ಇಲ್ಲಿಯೇ ಇದೆ, ಅದು ಹಣದ್ದಲ್ಲ. ಆ ನಾಯಿಗೆ ಲಸಿಕೆ ಹಾಕಿಸಿದೆಯೇ, ಹಾಕಿಸಿದ್ದರೆ ಯಾವಾಗ, ಈಚೆಗೆ ಅದು ಬೀದಿನಾಯಿಗಳೊಂದಿಗೆ ಕಾದಾಡಿತ್ತೇ, ಮಂಕಾಗಿದೆಯೇ, ಇವೆಲ್ಲ ತಿಳಿದಿರುವುದು ಸಾಕಿದವರಿಗೆ ಮಾತ್ರ. ಮಾನಕ್ಕೆ ಅಂಜಿ “ಎಲ್ಲಾ ಹಾಕ್ಸೇವ್ರೀ” ಎಂದುಬಿಟ್ಟರೆ ಆ ಒಂದು ಮಾತಿನ ಮೇಲೆ ಇನ್ನೊಂದು ಮನೆಯವರ ಮಗು ಲಸಿಕೆಯಿಲ್ಲದೆ ಉಳಿಯಬಹುದು. ಹಾಕಿಸಿದ್ದರೆ ಪಶುವೈದ್ಯರು ಬರೆದುಕೊಟ್ಟ ಕಾರ್ಡನ್ನು ತೋರಿಸಬೇಕು. ಹಾಕಿಸಿರದಿದ್ದರೆ ಅದನ್ನೇ ಹೇಳಬೇಕು. ನಾಯಿಯ ಲಸಿಕೆ ಸರಿಯಾಗಿದ್ದರೂ ಗಾಯಗೊಂಡವರ ಚಿಕಿತ್ಸೆಯನ್ನು ತಡಮಾಡಬಾರದು. ಜೊತೆಗೆ ನಾಯಿಯನ್ನು 10 ದಿನ ಕಣ್ಣಳತೆಯಲ್ಲಿಟ್ಟು ನೋಡಬೇಕು. ಈ ಹತ್ತು ದಿನಗಳಲ್ಲಿ ಅದು ಆರೋಗ್ಯವಾಗಿಯೇ ಇದ್ದರೆ, ಗಾಯವಾದ ದಿನ ಅದರ ಜೊಲ್ಲಿನಲ್ಲಿ ವೈರಾಣು ಇರಲಿಲ್ಲವೆಂದು ತಿಳಿಯುತ್ತದೆ; ಮುಂದಿನ ಸೂಜಿಗಳ ಬಗ್ಗೆ ವೈದ್ಯರು ಆಗ ನಿರ್ಧರಿಸುತ್ತಾರೆ. ‘ಹತ್ತು ದಿನ ನೋಡಿ ಆಮೇಲೆ ಸೂಜಿ’ ಎಂಬುದು ತಪ್ಪು ತಿಳಿವಳಿಕೆ. ಸೂಜಿ ಅದೇ ದಿನ. ನೋಡುವುದು ಅದರ ಜೊತೆಜೊತೆಗೆ.

ಅವಘಡವಾದ ಮರುದಿನವೇ ನಾಯಿಯನ್ನು ಗೂಡ್ಸ್ ಗಾಡಿಯಲ್ಲಿ ಹಾಕಿ ಹೆದ್ದಾರಿಯ ಬಳಿ ಬಿಟ್ಟುಬರುವವರನ್ನು ಕಂಡಿದ್ದೇನೆ. ಊರವರ ಬಾಯಿ ಮುಚ್ಚಿಸಲು ಇದೊಂದು ಉಪಾಯವೆಂದು ಅವರ ಎಣಿಕೆ. ಇದರಿಂದ ಆ ಮೂಕಪ್ರಾಣಿ ಹಸಿವೆ ಬಾಯಾರಿಕೆಗಳಿಂದ ನರಳುತ್ತದೆ; ಹಾಗೆ ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಂತೆ ಅಪರಾಧವೂ ಹೌದು. ಅದಕ್ಕಿಂತ ಮುಖ್ಯವಾಗಿ, ಗಾಯಗೊಂಡವರ ಪಾಲಿಗೆ ಇದ್ದ ಹತ್ತು ದಿನಗಳ ಸಾಕ್ಷಿಯೇ ಕಳೆದುಹೋಗುತ್ತದೆ. ಹೊಡೆದು ಕೊಂದರೂ ಅಷ್ಟೇ. ನಾಯಿ ತಾನಾಗಿ ಕಾಣೆಯಾದರೆ ಅಥವಾ ಸತ್ತರೆ ಆ ಸುದ್ದಿಯನ್ನು ಅದೇ ಗಳಿಗೆಯಲ್ಲಿ ಗಾಯಗೊಂಡವರಿಗೂ ವೈದ್ಯರಿಗೂ ಮುಟ್ಟಿಸಬೇಕು.

ನಾಯಿ ಏಕೆ ಹಾರುತ್ತದೆ ಎಂಬುದನ್ನೂ ತಿಳಿಯಬೇಕು. ಮರಿಗಳು ತಾಯಿಯ ಬಾಯಿಯ ಬಳಿ ಮೂತಿ ಒಯ್ದು ನೆಕ್ಕುತ್ತವೆ; ಮನುಷ್ಯರ ಮುಖ ಎತ್ತರದಲ್ಲಿರುವುದರಿಂದ ಅದನ್ನು ಮುಟ್ಟಲು ಹಾರುತ್ತವೆ. ಮೂರು ಕಿಲೋ ತೂಗುವ ಮರಿ ಹಾರಿದಾಗ ಮನೆಯವರೆಲ್ಲ ನಕ್ಕು ಎತ್ತಿ ಮುದ್ದಿಸುತ್ತಾರೆ. ಹಾರಿದರೆ ಮುದ್ದು ಸಿಗುತ್ತದೆಂದು ಅದು ಕಲಿಯುತ್ತದೆ. ಮೂವತ್ತು ಕಿಲೋ ಆದ ಮೇಲೆ ಅದೇ ವಿದ್ಯೆಯನ್ನು ತೋರಿಸಿದರೆ ಬೈಯುತ್ತಾರೆ, ಕೋಲೆತ್ತುತ್ತಾರೆ. ಕಲಿಸಿದವರು ಯಾರು? ಹಾರಿದಾಗ ಮುಖ ತಿರುಗಿಸಿ ಸುಮ್ಮನಿದ್ದು, ನಾಲ್ಕೂ ಕಾಲು ನೆಲದ ಮೇಲಿದ್ದಾಗ ಮಾತ್ರ ಮಾತನಾಡಿಸುವುದನ್ನು ಮನೆಯ ಎಲ್ಲರೂ ಪಾಲಿಸಿದರೆ ನಾಯಿ ಕಲಿಯುತ್ತದೆ. ಒಬ್ಬರು ಮುದ್ದಿಸಿ ಇನ್ನೊಬ್ಬರು ಬೈದರೆ ಏನೂ ಕಲಿಯದು.

ಎರಡನೆಯ ಕಾರಣ, ದಿನವಿಡೀ ಕಟ್ಟಿಹಾಕುವುದು. ಬೆಳಗಿನಿಂದ ಸಂಜೆಯವರೆಗೆ ಗಿಡ್ಡ ಸರಪಳಿಯಲ್ಲಿದ್ದ ಎಳೆಯ ನಾಯಿಯನ್ನು ಬಿಚ್ಚಿದೊಡನೆ ಕೂಡಿಟ್ಟ ಶಕ್ತಿಯೆಲ್ಲ ಎದುರಿಗೆ ಬಂದವರ ಮೇಲೆ ಹರಿಯುತ್ತದೆ. ಸದಾ ಕಟ್ಟಿಹಾಕಿರುವ ನಾಯಿಗೆ ತಕ್ಕ ವ್ಯಾಯಾಮ ಕೊಡದಿರುವುದನ್ನೂ ಮೇಲೆ ಹೇಳಿದ ಕಾಯ್ದೆ ಹಿಂಸೆಯೆಂದೇ ಎಣಿಸಿದೆ. ನಮ್ಮ ಮುಧೋಳದ ನಾಯಿಯನ್ನೇ ನೋಡಿ. ಅಂಚೆ ಇಲಾಖೆ 2005ರಲ್ಲಿ ಇದರ ಚಿತ್ರದ ಅಂಚೆಚೀಟಿ ಹೊರತಂದಿತು. ಆ ಮೇಲೆ ಇದನ್ನು ಸಾಕುವ ಹಂಬಲ ಪಟ್ಟಣಗಳಲ್ಲಿಯೂ ಬೆಳೆದಿದೆ. ಇದು ವಾಸನೆಗಿಂತ ಕಣ್ಣಿನಿಂದ ಬೇಟೆಯನ್ನು ಗುರುತಿಸಿ ಅಟ್ಟುವ ತಳಿ. ಓಡುವ ಯಾವುದನ್ನು ಕಂಡರೂ ಬೆನ್ನಟ್ಟುವುದು ಅದರ ರಕ್ತದಲ್ಲಿದೆ, ಅದು ಶಾಲೆ ಬಿಟ್ಟು ಓಡುವ ಮಗುವಾಗಲಿ, ಸೈಕಲ್ಲಾಗಲಿ. ಬಯಲಿನಲ್ಲಿ ಓಡಿಸಲು ಪುರುಸೊತ್ತಿಲ್ಲದವರು ಅಂಥ ನಾಯಿಯನ್ನು ತರುವ ಮುನ್ನ ಎರಡು ಸಲ ಯೋಚಿಸಲಿ. ರಸ್ತೆಯಲ್ಲಿ ಬೈಕಿನ ಹಿಂದೆ ಆಟಕ್ಕೆ ಓಡಿದ ನಾಯಿಯಿಂದ ಸವಾರರು ಗಾಬರಿಗೊಂಡು ಬೀಳುತ್ತಾರೆ. ನಾಯಿ ಅವರನ್ನು ಮುಟ್ಟಿಯೂ ಇರುವುದಿಲ್ಲ. ಮುಟ್ಟಲಿಲ್ಲವೆಂದ ಮಾತ್ರಕ್ಕೆ ಹೊಣೆ ತಪ್ಪದು.

ಗೇಟು ತೆರೆಯುವ ಮುನ್ನ ನಾಯಿಯನ್ನು ಹಿಡಿದುಕೊಳ್ಳುವುದು, ಬೀದಿಗೆ ಒಯ್ಯುವಾಗ ಹಗ್ಗ ಹಾಕಿಯೇ ಒಯ್ಯುವುದು, ಆ ಹಗ್ಗವನ್ನು ಹತ್ತು ವರ್ಷದ ಹುಡುಗನ ಕೈಗೋ ಅಜ್ಜನ ಕೈಗೋ ಕೊಡದಿರುವುದು, ಮೂರು ತಿಂಗಳ ಮರಿಗೆ ಮೊದಲ ರೇಬೀಸ್ ಲಸಿಕೆ ಹಾಕಿಸಿ ಮುಂದೆ ಪಶುವೈದ್ಯರು ಹೇಳಿದಂತೆ ಪ್ರತಿವರ್ಷ ಹಾಕಿಸುವುದು, ಇಷ್ಟು ಮಾಡಿದರೆ ಮುಕ್ಕಾಲು ಪಾಲು ತಾಪತ್ರಯ ತಪ್ಪುತ್ತದೆ. ಹಗ್ಗವನ್ನು ಅಂಗೈಗೆ ಸುತ್ತಿಕೊಂಡರೆ ಹಿಡಿದವರೇ ಬೀಳುತ್ತಾರೆ. ಬೆರಳು ಮುರಿದುಕೊಂಡು ಬಂದವರಿದ್ದಾರೆ. ಜಾತ್ರೆ, ರಥೋತ್ಸವ, ದಾಸೋಹಗಳ ಜನಸಂದಣಿಗೆ ನಾಯಿಯನ್ನು ತರುವುದೇ ಬೇಡ. ಇನ್ನು ಮಕ್ಕಳು ಉಣ್ಣುತ್ತಿರುವ ನಾಯಿಯ ತಟ್ಟೆ ಎಳೆಯದಂತೆ, ಬಾಲ ಜಗ್ಗದಂತೆ ಕಲಿಸುವುದು ಹೆತ್ತವರ ಪಾಲಿನ ಕೆಲಸ.

ಕಾನೂನಿನ ಮಾತು ಚುಟುಕಾಗಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮಿನಂತೆ, ತನ್ನ ವಶದಲ್ಲಿರುವ ಪ್ರಾಣಿಯಿಂದ ಪ್ರಾಣಕ್ಕೆ ಅಪಾಯ ಅಥವಾ ತೀವ್ರ ಗಾಯ ಆಗದಂತೆ ತಕ್ಕ ಎಚ್ಚರ ವಹಿಸದವರಿಗೆ 6 ತಿಂಗಳವರೆಗೆ ಸೆರೆವಾಸ, 5,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಕಲಮಿನಲ್ಲಿರುವುದು ಎಚ್ಚರಗೇಡಿತನದ ಮಾತು. ನಾಯಿಗೆ ಸಿಟ್ಟು ಬಂದಿತ್ತೇ ಎಂದು ಅದು ಕೇಳುವುದಿಲ್ಲ. ಆದರೆ ನೆರೆಹೊರೆಯವರ ನಡುವೆ ಇದು ಠಾಣೆಯವರೆಗೆ ಹೋಗಬೇಕಾದ ವಿಷಯವಲ್ಲವೆಂದು ನನ್ನ ಅಭಿಪ್ರಾಯ. ಹೋಗುವುದು ಸಾಕಿದವರು ಮುಖ ತಪ್ಪಿಸಿದಾಗಲೇ.

ಮುಖ ತಪ್ಪಿಸುವುದು ಸುಲಭವಾಗುವುದು ಗಾಯಗೊಂಡವರು ಬಡವರಾಗಿದ್ದಾಗ. ಹಾಲು ಹಾಕುವ ಹುಡುಗ, ಕಸದ ಗಾಡಿಯವರು, ಪಾತ್ರೆ ತಿಕ್ಕಲು ಬರುವ ಹೆಣ್ಣುಮಗಳು, ದಿನವೂ ಆ ಗೇಟು ತೆರೆಯುವವರು ಇವರೇ. “ಐನೂರು ರೂಪಾಯಿ ತಗೋ, ಅರಿಶಿನ ಹಚ್ಚಿಕೋ” ಎಂದರೆ ಅವರು ಎದುರು ಮಾತನಾಡುವುದಿಲ್ಲ. ಲಸಿಕೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗುತ್ತದೆ, ನಿಜ. ಆದರೆ ನಾಲ್ಕು ಸಲ ಸರದಿಯಲ್ಲಿ ನಿಂತರೆ ನಾಲ್ಕು ದಿನದ ಕೂಲಿ ಹೋಗುತ್ತದೆ. ಮೊದಲೆರಡು ಸೂಜಿ ಹಾಕಿಸಿಕೊಂಡು ನಿಲ್ಲಿಸಿಬಿಡುವವರಲ್ಲಿ ಹೆಚ್ಚಿನವರು ಇಂಥವರೇ. ಆದ್ದರಿಂದ ಸಾಕಿದವರು ಮೊದಲ ದಿನ ತಾವೇ ಆಸ್ಪತ್ರೆಗೆ ಕರೆದೊಯ್ಯಬೇಕು, ಆ ನಾಲ್ಕು ದಿನಗಳ ಕೂಲಿ ಮತ್ತು ಬಸ್ಸಿನ ಖರ್ಚು ಕೊಡಬೇಕು. ಎಲುಬು ಮುರಿದಿದ್ದರೆ ಆಸ್ಪತ್ರೆಯ ಖರ್ಚಿನ ಜೊತೆಗೆ ಅವರನ್ನು ನೋಡಿಕೊಳ್ಳಲು ಮನೆಯಲ್ಲುಳಿದವರ ದುಡಿಮೆಯ ನಷ್ಟವನ್ನೂ ಲೆಕ್ಕಕ್ಕೆ ಹಿಡಿಯಬೇಕು.

28ನೆಯ ದಿನದ ಸೂಜಿ ಎಲ್ಲರಿಗೂ ಮರೆಯುತ್ತದೆ. ಅಷ್ಟು ಹೊತ್ತಿಗೆ ಗಾಯ ಮಾಯ್ದಿರುತ್ತದೆ, ನಾಯಿ ಅಂಗಳದಲ್ಲಿ ಆಡಿಕೊಂಡಿರುತ್ತದೆ. ಗಾಯಗೊಂಡವರ ಚೀಟಿಯಲ್ಲಿರುವ ನಾಲ್ಕೂ ದಿನಾಂಕಗಳನ್ನು ಸಾಕಿದವರು ತಮ್ಮ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟುಕೊಂಡು, ಹಿಂದಿನ ಸಂಜೆಯೇ ಅವರ ಮನೆಗೆ ಹೋಗಿ ನೆನಪಿಸಲಿ.